ಹರಿಣಾಕ್ಷಿಯ ಹನ್ನೆರಡು ಮನೆ

ಕುದ್ರೋಳಿಯ ಮೀನಿನ ಅಕ್ಕುವಿಗೆ ಓದು ಬರಹ ಬರುತ್ತಿರಲಿಲ್ಲ. ನಯವಾಗಿ ಮಾತಾಡುವುದೂ ಬರುತ್ತಿರಲಿಲ್ಲ. ಮುಖ ನೋಡಿ ಮಣೆ ಹಾಕುವ ವಿದ್ಯೆಯಂತೂ ಅವಳ ಹತ್ತಿರ ಸುಳಿದಿರಲಿಲ್ಲ. ಆದರೆ ತಲೆಯ ಮೇಲೆ ಬುಟ್ಟಿ ಹೊತ್ತು ದೋಣಿ ನಿಲ್ಲುವ ಧಕ್ಕೆಯಿಂದ ಕೊಡಿಯಾಲ್‌ಬೈಲಿನ ತನಕ ಒಮ್ಮೆ ನಡೆದು ಬಂದಳೆಂದರೆ, ಯಾವ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾವ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಎದುರು ಬಾಗಿಲಿನಿಂದ ಬರುವವರಿಗೆ ಮನೆಯವರು ಸುಳ್ಳು ಹೇಳುತ್ತಾರೆ. ಹಿತ್ತಿಲಿನಿಂದ ಬರುವ ಮೀನಿನವಳಿಗೆ ಹೇಳಿ ಏನು ಪ್ರಯೋಜನ? ಅವಳು ಪಾತ್ರೆ ತೊಳೆಯುವ ಕಲ್ಲನ್ನೇ ನೋಡಿರುತ್ತಾಳೆ.

ಈ ಅಕ್ಕು ನಡುವಯಸ್ಸಿನಿಂದ ಮುಂದೆ ಒಂದು ಮಾತು ಕೇಳಲು ಕಲಿತಳು. ದುಃಖದಲ್ಲಿ ಮುಳುಗಿದವರ ಎದುರು ಕುಕ್ಕರುಗಾಲಿನಲ್ಲಿ ಕೂತು, "ಸಾಯುವ ಯೋಚನೆ ಉಂಟಾ?" ಎಂದು ನೇರವಾಗಿ ಕೇಳುವಳು. ಕೇಳಿದವರು ಬೆಚ್ಚುತ್ತಿದ್ದರು. ಪಕ್ಕದಲ್ಲಿದ್ದವರು "ಥೂ, ಅಪಶಕುನದವಳೇ" ಎಂದು ಬೈಯುತ್ತಿದ್ದರು. ಮೀನು ಬೇಡ, ನಾಳೆಯಿಂದ ಬರಬೇಡ ಎಂದವರೂ ಇದ್ದರು. ಅಕ್ಕು ಬೈಸಿಕೊಂಡು ಕೇಳುತ್ತಲೇ ಇದ್ದಳು. ಆ ಮಾತನ್ನು ಒಮ್ಮೆ ಕೇಳದೆ ಉಳಿದಿದ್ದಕ್ಕೆ ಅವಳು ತೆತ್ತ ಬೆಲೆಯ ಮುಂದೆ ಈ ಬೈಗುಳ ಏನೂ ಅಲ್ಲ.

ಅದನ್ನು ಹೇಳುವ ಮೊದಲು ಮೀನಿನವರ ಒಂದು ಕ್ರಮವನ್ನು ಹೇಳಬೇಕು. ಮೀನು ಮಾರುವವಳ ಆಸ್ತಿ ಎಂದರೆ ಅವಳು ಮಾಮೂಲಾಗಿ ಮೀನು ಕೊಡುವ ಮನೆಗಳು. ಹೊಲ ಇಲ್ಲ, ಅಂಗಡಿ ಇಲ್ಲ, ಇಂತಿಂಥ ಮನೆ ನನ್ನದು ಎಂಬ ಮಾತೊಂದೇ ಇರುವುದು. ಒಬ್ಬಳ ಮನೆಯ ಅಂಗಳದಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸಿದರೆ ಮರುದಿನ ಧಕ್ಕೆಯಲ್ಲಿ ಜುಟ್ಟು ಹಿಡಿಯುವ ಜಗಳ ನಡೆಯುತ್ತಿತ್ತು. ಆ ಮನೆಗಳನ್ನು ಇನ್ನೊಬ್ಬಳಿಗೆ ಬಿಟ್ಟುಕೊಡುವುದು ಎರಡೇ ಕಾರಣಕ್ಕೆ: ಮೊಣಕಾಲು ಸೋತು ನಡೆಯಲು ಆಗದಿದ್ದರೆ, ಇಲ್ಲವೇ ಊರನ್ನೇ ಬಿಟ್ಟು ಹೋಗುವುದಾದರೆ. ಮೂರನೆಯದೊಂದು ಕಾರಣ ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಮೊದಲನೆಯ ಮಹಾಯುದ್ಧ ಮುಗಿದ ಮರುವರ್ಷ. ಅಕ್ಕುವಿಗೆ ಆಗ ಇಪ್ಪತ್ತೆಂಟು. ಅವಳ ಗೆಳತಿ ಹರಿಣಾಕ್ಷಿಗೂ ಅಷ್ಟೇ. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ವಾರದಲ್ಲಿ ತಲೆಗೆ ಬುಟ್ಟಿ ಏರಿಸಿದವರು. ಹರಿಣಾಕ್ಷಿಯ ಗಂಡ ಬೂಬ ಹೋದ ದೋಣಿ ಕಡಲಿನಿಂದ ತಿರುಗಿ ಬರಲಿಲ್ಲ. ಮೂರು ದಿನದ ಮೇಲೆ ಒಂದು ಹಲಗೆ ದಡಕ್ಕೆ ಬಂತು, ಮನುಷ್ಯ ಬರಲಿಲ್ಲ. ಹೆಣ ಸಿಗದೆ ಹರಿಣಾಕ್ಷಿಗೆ ಸರಿಯಾಗಿ ಅಳಲೂ ಆಗಲಿಲ್ಲ. ಮಾವಂದಿರು ಸೇರಿ ಬೊಜ್ಜದ ಉತ್ತರಕ್ರಿಯೆ ಮುಗಿಸಿ, ತಿಥಿಯ ಊಟ ಹಾಕಿ, ಇನ್ನು ಮುಗಿಯಿತು ಎಂದು ಕೈ ತೊಳೆದುಕೊಂಡರು. ಅವಳಿಗೆ ಮುಗಿದಿರಲಿಲ್ಲ.

ಹತ್ತು ತಿಂಗಳು ಅವಳು ಬದುಕಿದ್ದೂ ಸತ್ತವಳಂತೆ ಇದ್ದಳು. ಧಕ್ಕೆಗೆ ಬಂದು ಬುಟ್ಟಿಯ ಪಕ್ಕ ಸುಮ್ಮನೆ ಕೂರುವಳು. ಚೌಕಾಸಿಗೆ ಬಾಯಿ ತೆರೆಯುತ್ತಿರಲಿಲ್ಲ. ಅನ್ನ ಕಲಸಿ ಹಾಗೇ ಬಿಡುವಳು. ಒಮ್ಮೆ, "ಅಕ್ಕು, ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಅಲ್ವಾ?" ಎಂದಳು. ಅಕ್ಕು, "ಎಂತ ಹುಚ್ಚು ಮಾತು ಮಾರಾಯ್ತಿ, ಏಳು, ಮೀನಿಗೆ ಬಿಸಿಲು ತಾಗ್ತದೆ" ಎಂದು ಕೈ ಹಿಡಿದು ಎಬ್ಬಿಸಿದಳು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದು. ಒಳ್ಳೆಯ ಮನಸ್ಸಿನಿಂದಲೇ ನಾವು ಎಷ್ಟು ಜನರ ಬಾಯಿ ಮುಚ್ಚಿಸುತ್ತೇವೋ, ಲೆಕ್ಕ ಇಟ್ಟವರು ಯಾರು?

ಆಮೇಲೆ ಒಂದು ಗುರುವಾರ ಮಧ್ಯಾಹ್ನ ಹರಿಣಾಕ್ಷಿ ಅಕ್ಕುವಿನ ಜಗಲಿಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಮಡಿಸಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು. ಮುಖದಲ್ಲಿ ತಿಂಗಳುಗಟ್ಟಲೆ ಕಾಣದ ನಗು ಇತ್ತು. ಹುರಿದ ಕಾಣೆ ಮೀನಿನ ಎರಡು ತುಂಡು ಬಾಳೆಎಲೆಯಲ್ಲಿ ಕಟ್ಟಿ ತಂದಿದ್ದಳು. ಅಕ್ಕು ತಿನ್ನುತ್ತಿದ್ದಾಗ ಅವಳು ಬೆರಳು ಮಡಚುತ್ತಾ ಹೇಳತೊಡಗಿದಳು:

"ನನ್ನ ಹನ್ನೆರಡು ಮನೆ ಇನ್ನು ನೀನು ಮಾಡು. ಮೊದಲಿನದ್ದು ಪೋಸ್ಟ್‌ಮಾಸ್ಟರರದ್ದು. ಅವರಿಗೆ ಕಾಣೆ ಆಗಬೇಕು, ತಲೆ ತೆಗೆದೇ ಕೊಡಬೇಕು. ಎರಡನೆಯದು ಟೀಚರಮ್ಮನದ್ದು. ಅಲ್ಲಿ ನಾಯಿ ಉಂಟು, ಕಚ್ಚುವುದಿಲ್ಲ, ಬೊಗಳ್ತದೆ ಅಷ್ಟೆ. ಮೂರನೆಯ ಮನೆಯ ಅಜ್ಜಿಗೆ ಕಿವಿ ಕೇಳುವುದಿಲ್ಲ, ಬಾವಿಕಟ್ಟೆಯ ಹತ್ತಿರ ಹೋಗಿಯೇ ಕರೀಬೇಕು..."

ಹೀಗೆ ಹನ್ನೆರಡನ್ನೂ ಹೇಳಿದಳು. ಕೊಡಿಯಾಲ್‌ಬೈಲಿನ ಆ ಮನೆಗಳು ಕುದ್ರೋಳಿಯ ಯಾವ ಮೀನಿನವಳಿಗಾದರೂ ಬಾಯಲ್ಲಿ ನೀರೂರಿಸುವಂಥವು. ನೆರಳಿನ ದಾರಿ, ಕೊಳ್ಳುವ ಕೈ, ಎಂದೂ ಹೀಯಾಳಿಸದ ಬಾಯಿ. ಅಕ್ಕು ಕೇಳಿದ್ದು ಒಂದೇ ಮಾತು: "ನಿಜವಾಗಿಯಾ?"

"ನಿಜ ಮಾರಾಯ್ತಿ. ನನಗೆ ಸಾಕಾಯ್ತು" ಎಂದಳು ಹರಿಣಾಕ್ಷಿ. ತಲೆಯ ಮೇಲೆ ಬುಟ್ಟಿಗೆ ಇಡುವ ತನ್ನ ಬಟ್ಟೆಯ ಸಿಂಬಿಯನ್ನೂ ಅಲ್ಲೇ ಜಗಲಿಯಲ್ಲಿ ಇಟ್ಟು ಹೋದಳು.

ಉಡುಪಿಯ ಕಡೆಗಿರುವ ಚಿಕ್ಕಮ್ಮನ ಮನೆಗೆ ಹೋಗಿ ನಿಲ್ಲುತ್ತಾಳೇನೋ ಎಂದು ಅಕ್ಕು ಅಂದುಕೊಂಡಳು. ಸಂಜೆ ಧಕ್ಕೆಯಲ್ಲಿ ಸಿಕ್ಕಿದವರಿಗೆಲ್ಲ, "ನಮ್ಮ ಹರಿಣಾಕ್ಷಿ ಸುಧಾರಿಸಿದಳು, ನಗ್ತಾ ಮಾತಾಡಿದಳು" ಎಂದು ಹೇಳಿ ಬಂದಳು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಊರಿಗೆಲ್ಲ ಹೇಳುವ ಹೆಂಗಸು, ತನ್ನ ಗೆಳತಿಯ ನಗುವನ್ನು ಹಾಲೆಂದೇ ನಂಬಿದಳು.

ಮರುದಿನ ಬೆಳಿಗ್ಗೆ ಹನ್ನೆರಡು ಮನೆಗೂ ಹೋದಳು. ಪೋಸ್ಟ್‌ಮಾಸ್ಟರರ ಹೆಂಡತಿ ಕಾಣೆ ತೆಗೆದುಕೊಂಡರು. ಟೀಚರಮ್ಮನ ನಾಯಿ ಬೊಗಳಿತು, ಕಚ್ಚಲಿಲ್ಲ. ಎಲ್ಲವೂ ಹರಿಣಾಕ್ಷಿ ಹೇಳಿದ ಹಾಗೇ ಇತ್ತು. ಖಾಲಿ ಬುಟ್ಟಿ ಬೀಸಿಕೊಂಡು ಖುಷಿಯಲ್ಲಿ ಮನೆಗೆ ಬಂದರೆ ಓಣಿಯ ತುಂಬ ಜನ. ಹರಿಣಾಕ್ಷಿ ತನ್ನ ಜೀವವನ್ನು ತಾನೇ ತೆಗೆದುಕೊಂಡಿದ್ದಳು. ಹೇಗೆ ಎಂಬುದನ್ನು ಅಕ್ಕು ಮುಂದೆ ಯಾರಿಗೂ ಹೇಳಲಿಲ್ಲ. ಇಲ್ಲಿಯೂ ಅದು ಬೇಡ.

ಜನ ನಾಲ್ಕು ದಿನ ಮಾತಾಡಿದರು. ಅವಳು ಕುಲೆಯಾಗಿ, ಪ್ರೇತವಾಗಿ ಅಲೆಯುತ್ತಿದ್ದಾಳೆ, ಆ ಓಣಿಯಲ್ಲಿ ಮುಸ್ಸಂಜೆಗೆ ತಿರುಗಬೇಡಿ ಎಂದರು. ಅವಳ ಹೆಸರನ್ನು ಎತ್ತುವುದನ್ನೇ ನಿಲ್ಲಿಸಿದರು. ಅಕ್ಕು ಮಾತ್ರ ದಿನಾ ಅವಳ ಹನ್ನೆರಡು ಮನೆಯ ದಾರಿಯನ್ನು ನಡೆಯಬೇಕಿತ್ತು. ಬಿಟ್ಟುಬಿಡೋಣ ಎಂದರೆ ಕೊಟ್ಟು ಹೋದವಳ ಮಾತು. ಮಾಡೋಣ ಎಂದರೆ ಹೆಜ್ಜೆ ಹೆಜ್ಜೆಗೂ ಆ ಮಧ್ಯಾಹ್ನದ ನೆನಪು. ಕಾಣೆಯ ತುಂಡು ತಿನ್ನುತ್ತಾ ಮನೆ ಎಣಿಸಿದೆನಲ್ಲ, ಯಾಕೆ ಎಂದು ಒಂದು ಮಾತು ಕೇಳಲಿಲ್ಲವಲ್ಲ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಸಿಂಬಿಯನ್ನು ಅವಳು ಒಂದು ದಿನವೂ ತಲೆಗೆ ಇಡಲಿಲ್ಲ. ಕಾಣೆ ಮೀನು ತಿನ್ನುವುದನ್ನೂ ಅಂದಿಗೇ ಬಿಟ್ಟಳು.

ಹನ್ನೆರಡರಲ್ಲಿ ಏಳನೆಯದು ಒಬ್ಬ ವಕೀಲರ ಮನೆ. ವಕೀಲರ ಹೆಂಡತಿ ಶಶಿಪ್ರಭಾ ಓದಿದ ಹೆಂಗಸು. ಒಂಬತ್ತು ಹತ್ತು ವರ್ಷ ಕಳೆದ ಮೇಲೆ ಅವರು ನಾಲ್ಕೈದು ಗೆಳತಿಯರನ್ನು ಸೇರಿಸಿ, ಮನೆಯ ಹೊರಕೋಣೆಯಲ್ಲಿ ಒಂದು ಸ್ತ್ರೀ ಸಮಾಜ ಶುರು ಮಾಡಿದರು. ಗಂಡ ಸತ್ತವರಿಗೆ, ಗಂಡ ಬಿಟ್ಟವರಿಗೆ ಅಕ್ಕಿ, ಬಟ್ಟೆ, ಹೊಲಿಗೆಯ ಕೆಲಸ ಕೊಡುವುದು ಅದರ ಉದ್ದೇಶ. ಕೊಡೆ ಹಿಡಿದು ಮನೆಮನೆಗೆ ಹೋದ ಅಮ್ಮಂದಿರಿಗೆ ಬಡ ಹೆಂಗಸರು "ಎಲ್ಲ ಸುಖ" ಎಂದು ಕೈ ಮುಗಿದು ಕಳಿಸುತ್ತಿದ್ದರು. ಆಗ ಶಶಿಪ್ರಭಾ ಅಕ್ಕುವನ್ನು ಹಿತ್ತಿಲಿನಲ್ಲಿ ಕೂರಿಸಿ, "ನೀನು ಹೇಗೂ ತಿರುಗ್ತಿ. ವಾರಕ್ಕೊಮ್ಮೆ ಅವರನ್ನು ನೋಡಿ ಬಂದು ನನಗೆ ಹೇಳು" ಎಂದರು. ಅಕ್ಕು ಹೇಳುವುದು, ಶಶಿಪ್ರಭಾ ಪುಸ್ತಕದಲ್ಲಿ ಬರೆಯುವುದು. ಪರವಾಗಿಲ್ಲ ಎಂದು ಕಂಡವರ ಹೆಸರಿನ ಮುಂದೆ ಅವರು ಗುಂಡಗಿನ ಅಕ್ಷರದಲ್ಲಿ 'ಕ್ಷೇಮ' ಎಂದು ಬರೆದು ಬೇರೊಬ್ಬರ ಕಡೆ ಗಮನ ಕೊಡುತ್ತಿದ್ದರು.

ಆ ಪುಸ್ತಕದಲ್ಲಿ ವೆರೋನಿಕಾ ಎಂಬ ಹೆಸರಿತ್ತು. ಕೊಡಿಯಾಲ್‌ಬೈಲಿನ ಗದ್ದೆಯ ಬದಿಯಲ್ಲಿ ಒಂದು ಹಂಚಿನ ಮನೆಯಲ್ಲಿ ಒಬ್ಬಳೇ ಇದ್ದ ಕ್ರಿಶ್ಚಿಯನ್ ಹೆಂಗಸು. ಗಂಡ ಬೊಂಬಾಯಿಗೆ ಹೋದವನು ಕಾಗದ ಬರೆಯುವುದನ್ನು ನಿಲ್ಲಿಸಿದ್ದ. ಇದ್ದ ಎರಡು ಮಕ್ಕಳು ಒಂದೇ ತಿಂಗಳಲ್ಲಿ ಜ್ವರಕ್ಕೆ ಹೋದವು. ಸಮಾಜದವರು ಅವಳಿಗೆ ಅನಾಥ ಮಕ್ಕಳ ಅಂಗಿ ಹೊಲಿಯುವ ಕೆಲಸ ಕೊಟ್ಟಿದ್ದರು. ಮಕ್ಕಳನ್ನು ಕಳೆದುಕೊಂಡವಳಿಗೆ ಮಕ್ಕಳ ಅಂಗಿ! ಯಾರಿಗೂ ಅದು ಹೊಳೆಯಲಿಲ್ಲ. ಅಕ್ಕು ಹೋದಾಗಲೆಲ್ಲ ಅವಳು ಅರ್ಧ ಹೊಲಿದ ಅಂಗಿಯನ್ನು ಮಡಿಲಲ್ಲಿಟ್ಟು ಗೋಡೆ ನೋಡುತ್ತಿದ್ದಳು. ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. "ನನ್ನಿಂದ ಎಲ್ಲರಿಗೂ ಭಾರ" ಎನ್ನುತ್ತಿದ್ದಳು. ಹೀಗೆ ಐದು ತಿಂಗಳು ನಡೆಯಿತು.

ಬಂಗುಡೆ ಮೀನು ರಾಶಿ ಬಿದ್ದ ಒಂದು ಬೆಳಿಗ್ಗೆ ಅಕ್ಕು ತುಂಬಿದ ಬುಟ್ಟಿಯೊಂದಿಗೆ ವಕೀಲರ ಹಿತ್ತಿಲಿಗೆ ಬಂದಾಗ ಶಶಿಪ್ರಭಾ ಸಂತೋಷದಲ್ಲಿದ್ದರು.

"ಅಕ್ಕು, ನಮ್ಮ ವೆರೋನಿಕಾ ಗೆದ್ದಳು ನೋಡು. ನಿನ್ನೆ ಅವಳೇ ಬಂದು ಅಷ್ಟೂ ಅಂಗಿ ಹೊಲಿದು ಕೊಟ್ಟಳು. ಇಸ್ತ್ರಿ ಬೇರೆ ಮಾಡಿದ್ದಾಳೆ. ನಗ್ತಾ ಇದ್ದಳು. ಕತ್ತರಿಯನ್ನೂ ತಂದು ಕೊಟ್ಟು, ಬೇರೆ ಯಾರಿಗಾದ್ರೂ ಕೊಡಿ ಅಮ್ಮ ಅಂತ ಹೇಳಿದಳು. ಸಾಕಿದ ಕೋಳಿಯನ್ನೂ ಪಕ್ಕದ ಮನೆಗೆ ಕೊಟ್ಟಿದ್ದಾಳಂತೆ. ಇನ್ನು ಅವಳ ಚಿಂತೆ ಇಲ್ಲ."

ಪುಸ್ತಕದಲ್ಲಿ 'ಕ್ಷೇಮ' ಎಂದು ಬರೆದು ಆಗಿತ್ತು. ಅಕ್ಕುವಿಗೆ ಅಕ್ಷರ ಗೊತ್ತಿಲ್ಲದಿದ್ದರೂ ಆ ಒಂದು ಪದದ ಆಕಾರ ಗೊತ್ತಿತ್ತು.

"ಅಮ್ಮಾ, ನಾನು ಅಲ್ಲಿಗೆ ಹೋಗ್ತೇನೆ. ಕೇಳ್ತೇನೆ."

"ಎಂತ ಕೇಳುವುದು?"

"ಸಾಯುವ ಯೋಚನೆ ಉಂಟಾ ಅಂತ."

ಶಶಿಪ್ರಭಾ ಗಾಬರಿಯಾದರು. "ಬೇಡ ಅಕ್ಕು! ಇಲ್ಲದ ಮಾತನ್ನು ನಾವೇ ತಲೆಗೆ ಹಾಕಿದ ಹಾಗೆ ಆಗ್ತದೆ."

"ಬಸುರಿಯಾ ಅಂತ ಕೇಳಿದ ಮಾತ್ರಕ್ಕೆ ಯಾರೂ ಬಸುರಿ ಆಗುವುದಿಲ್ಲ ಅಮ್ಮಾ" ಎಂದ ಅಕ್ಕು ಬುಟ್ಟಿ ಎತ್ತಿಕೊಂಡು ನಡೆದೇಬಿಟ್ಟಳು. ಅಂದು ಉಳಿದ ಐದು ಮನೆಯವರು ಹಿತ್ತಿಲ ಬಾಗಿಲಲ್ಲಿ ತಟ್ಟೆ ಹಿಡಿದು ಕಾದದ್ದೇ ಬಂತು.

ವೆರೋನಿಕಾಳ ಅಂಗಳ ಗುಡಿಸಿತ್ತು. ನೆಲ ಸಾರಿಸಿತ್ತು. ಮಕ್ಕಳ ಬಟ್ಟೆಯ ಪೆಟ್ಟಿಗೆಗೆ ಹಗ್ಗ ಬಿಗಿದು ಬಾಗಿಲ ಬಳಿ ಇಟ್ಟಿತ್ತು. ಅವಳು ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, "ಬನ್ನಿ ಅಕ್ಕಾ, ಇವತ್ತು ಮೀನು ಬೇಡ" ಎಂದು ನಕ್ಕಳು. ಆ ನಗುವನ್ನು ಅಕ್ಕು ಮೊದಲೇ ನೋಡಿದ್ದಳು. ಹತ್ತು ವರ್ಷದ ಹಿಂದೆ, ತನ್ನದೇ ಜಗಲಿಯಲ್ಲಿ.

ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿ ಅಕ್ಕು ಅವಳ ಎದುರು ಕೂತಳು.

"ವೆರೋನಿಕಾ ಬಾಯಿ, ಒಂದು ಮಾತು ಕೇಳ್ತೇನೆ. ನೀವು ಸಾಯುವ ಯೋಚನೆ ಮಾಡಿದ್ದೀರಾ?"

ವೆರೋನಿಕಾಳ ನಗು ಸ್ವಲ್ಪ ಹೊತ್ತು ಮುಖದಲ್ಲೇ ಉಳಿಯಿತು. "ಎಂತ ಕೇಳ್ತೀರಿ ಅಕ್ಕಾ... ನಮ್ಮಲ್ಲಿ ಅದು ದೊಡ್ಡ ಪಾಪ. ಹಾಗೆ ಸತ್ತವರಿಗೆ ಇಗರ್ಜಿಯ ಮಣ್ಣೂ ಇಲ್ಲ. ಬಿಸಿಲು ಏರಿತು, ನಿಮ್ಮ ಮೀನು ಹಾಳಾಗ್ತದೆ, ಹೋಗಿ."

"ಹಾಳಾಗ್ಲಿ."

ಮೀನು ಮಾರುವವಳ ಬಾಯಲ್ಲಿ ಬರುವ ಮಾತಲ್ಲ ಅದು. ಬೆಳಗಿನ ಬಂಗುಡೆಗೆ ಒಂದು ಗೆರೆ ಬಿಸಿಲು ಬಿದ್ದರೆ ತಲೆಯ ಮೇಲಿನ ಬಟ್ಟೆಯನ್ನೇ ತೆಗೆದು ಹೊದೆಸುವ ಜಾತಿ ಅದು. ಅಕ್ಕು ಹಿಂತಿರುಗಿಯೂ ನೋಡಲಿಲ್ಲ. ಕಾಗೆಗಳು ಬಂದು ಬುಟ್ಟಿಯ ಅಂಚಿನಲ್ಲಿ ಕೂತವು. ಒಂದು ಬೆಕ್ಕು ಮೀನು ಕಚ್ಚಿಕೊಂಡು ಓಡಿತು. ವೆರೋನಿಕಾ ಬುಟ್ಟಿಯನ್ನು ನೋಡಿದಳು, ಅಕ್ಕುವನ್ನು ನೋಡಿದಳು.

"ಹೌದು ಅಕ್ಕಾ" ಎಂದಳು. "ಇವತ್ತೇ ಅಂತ ಮಾಡಿದ್ದೆ."

ಅಕ್ಕು ದೇವರ ಹೆಸರು ಎತ್ತಲಿಲ್ಲ, ಬುದ್ಧಿ ಹೇಳಲಿಲ್ಲ, ಗದರಲಿಲ್ಲ. ಅವಳ ಎರಡೂ ಕೈಯನ್ನು ಮೀನಿನ ವಾಸನೆಯ ತನ್ನ ಕೈಯಲ್ಲಿ ಹಿಡಿದುಕೊಂಡಳು. 'ನೀವು' ಹೋಗಿ 'ನೀನು' ಬಂದಿತ್ತು.

"ಅಷ್ಟು ನೋವು ಉಂಟಾ ಮಗಾ? ಹೇಳು. ನನಗೆ ಹೋಗ್ಲಿಕ್ಕೆ ಅವಸರ ಇಲ್ಲ."

ವೆರೋನಿಕಾ ಮಕ್ಕಳ ಕಥೆ ಹೇಳಿದಳು. ದೊಡ್ಡವನು ನೀರು ನೀರು ಎಂದದ್ದು, ಚಿಕ್ಕವಳು ಏನನ್ನೂ ಕೇಳದೆ ಹೋದದ್ದು. ಆ ಅಂಗಿಗಳನ್ನು ಹೊಲಿಯುವಾಗ ಪ್ರತಿಯೊಂದಕ್ಕೂ ಅವರ ಅಳತೆಯೇ ಕೈಗೆ ಬರುತ್ತಿದ್ದದ್ದು. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಳು. ಅಕ್ಕು ಅಷ್ಟು ಸಲವೂ ಹೊಸದಾಗಿ ಕೇಳಿದಳು. ಮಧ್ಯದಲ್ಲಿ ಒಮ್ಮೆ, "ಸಾಯ್ಲಿಕ್ಕೆ ಎಂತಾದ್ರೂ ತೆಗೆದಿಟ್ಟಿದ್ದೀಯಾ?" ಎಂದಳು. ವೆರೋನಿಕಾ ಅಡುಗೆಮನೆಯ ಅಟ್ಟದ ಕಡೆ ನೋಡಿದಳು. ಅಲ್ಲೊಂದು ಬಟ್ಟೆಯ ಗಂಟಿತ್ತು. ಅಕ್ಕು ಅದನ್ನು ಬಿಚ್ಚಿಯೂ ನೋಡದೆ ಮೀನಿನ ಅಡಿಗೆ ತುರುಕಿದಳು. ಅಂದು ಸಂಜೆಗೆ ಅದು ಹೊಳೆಯ ಪಾಲಾಯಿತು.

ಗದ್ದೆಯ ಆಚೆ ಅಹ್ಮದ್ ಬಾವ ಎಂಬ ಜಟಕಾದವರಿದ್ದರು. ಅಕ್ಕು ಬೇಲಿಯ ಬಳಿ ನಿಂತೇ ಕೂಗಿ ಕರೆದಳು. ವೆರೋನಿಕಾ ಕಣ್ಣಿಗೆ ಮರೆಯಾಗದಷ್ಟೇ ದೂರ. "ಬಾವ, ಜೆಪ್ಪುವಿನಲ್ಲಿ ಇವರ ಅಕ್ಕ ಇದ್ದಾರೆ. ಈಗಲೇ ಕರ್ಕೊಂಡು ಬರಬೇಕು. ಯಾಕೆ ಅಂತ ಕೇಳಬೇಡಿ." ಬಾವ ಅವಳ ಮುಖ ನೋಡಿ, ತಲೆಗೆ ಮುಂಡಾಸು ಸುತ್ತಿಕೊಂಡು ಕುದುರೆ ಕಟ್ಟಿದರು. ಊರಿಗೆ ಗೊತ್ತಾದರೆ ಪೊಲೀಸಿನ ತನಕ ಹೋಗುವ ಕಾಲ ಅದು. ಸಾಯಲು ಹೋಗಿ ಉಳಿದವಳ ಮೇಲೆಯೇ ಕೇಸು. ಬಾವ ತಾವು ಊಹಿಸಿದ್ದನ್ನು ಕೊನೆಯ ತನಕ ಹೊಟ್ಟೆಯಲ್ಲಿಟ್ಟುಕೊಂಡರು.

ವೆರೋನಿಕಾಳ ಅಕ್ಕ ಬಂದು ಇಳಿಯುವಾಗ ನಾಲ್ಕು ಗಂಟೆ. ಅಂಗಳದ ಮೀನು ಹಳಸಿ ನಾರುತ್ತಿತ್ತು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ಅಕ್ಕು ದೊಡ್ಡವಳ ಹತ್ತಿರ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿ, "ಒಂದು ತಿಂಗಳು ಒಬ್ಬಳನ್ನೇ ಬಿಡಬೇಡಿ. ನಕ್ಕರೆ ನಂಬಬೇಡಿ. ದಿನಾ ಕೇಳಿ" ಎಂದಳು. ಅಕ್ಕ ತಂಗಿಯನ್ನು ತನ್ನ ಮನೆಗೇ ಕರೆದುಕೊಂಡು ಹೋದಳು. ಅಕ್ಕುವೂ ಒಂದು ವರ್ಷ ವಾರಕ್ಕೆರಡು ಸಲ ಜೆಪ್ಪುವಿಗೆ ನಡೆದು ಹೋಗಿ ಕೇಳುತ್ತಿದ್ದಳು. ವೆರೋನಿಕಾ ಒಮ್ಮೊಮ್ಮೆ "ಉಂಟು ಅಕ್ಕಾ" ಎನ್ನುವಳು, ಒಮ್ಮೊಮ್ಮೆ "ಇವತ್ತು ಇಲ್ಲ" ಎನ್ನುವಳು. ಬರಬರುತ್ತಾ 'ಇಲ್ಲ' ಹೆಚ್ಚಾಯಿತು. ದುಃಖ ಹೋಯಿತೆಂದಲ್ಲ. ದುಃಖವನ್ನು ಇಟ್ಟುಕೊಂಡೇ ಬದುಕಿದಳು.

ಅಕ್ಕುವಿನಿಂದ ಎಲ್ಲ ಕೇಳಿದ ಶಶಿಪ್ರಭಾ ಆ ದಿನವೇ ಪುಸ್ತಕದಲ್ಲಿ 'ಕ್ಷೇಮ'ವನ್ನು ತಾವೇ ಹೊಡೆದುಹಾಕಿದರು. ಮಕ್ಕಳ ಅಂಗಿಯ ಕೆಲಸ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಅಕ್ಕುವನ್ನು ಕೇಳಿಯೇ ನಿಶ್ಚಯಿಸತೊಡಗಿದರು. ಮುಂದೆ ಅವರೂ ಆ ಪ್ರಶ್ನೆ ಕೇಳಲು ಕಲಿತರು, ಮೊದಮೊದಲು ಕಣ್ಣು ಕೆಳಗೆ ಹಾಕಿ, ಆಮೇಲೆ ಮುಖ ನೋಡಿ.

ಅಕ್ಕು ಕೇಳಿದ ಕಾರಣಕ್ಕೆ ಎಲ್ಲರೂ ಉಳಿದರೆಂದು ಬರೆದರೆ ಅದು ಕಥೆಯಾದೀತು, ಬದುಕಾಗಲಾರದು. ಹಂಚಿನ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡ ವಾಸು ಎಂಬವನಿಗೆ ಅಕ್ಕು ಕೇಳಿದ್ದಳು. "ಛೆ, ಇಲ್ಲಕ್ಕಾ" ಎಂದು ಅವನು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದ. ಎಂಟನೆಯ ದಿನ ಹೋಗಿಬಿಟ್ಟ. ಅಕ್ಕು ಒಂದು ವಾರ ಬುಟ್ಟಿ ಎತ್ತಲಿಲ್ಲ. ಆಮೇಲೆ ಎತ್ತಿದಳು, ಮತ್ತೆ ಕೇಳಿದಳು. ಧಕ್ಕೆಯಲ್ಲಿ ಮೀನಿನ ಹೆಂಗಸರಿಗೆಲ್ಲ ಒಂದು ಮಾತನ್ನು ಬೇಸರವಾಗುವಷ್ಟು ಸಲ ಹೇಳಿದಳು: "ಯಾರಾದ್ರೂ ನಿಮಗೆ ಮನೆ ಬಿಟ್ಟುಕೊಟ್ಟರೆ ಸುಮ್ಮನೆ ತಕ್ಕೊಳ್ಳಬೇಡಿ. ಯಾಕೆ ಅಂತ ಕೇಳಿ. ಸಾಯ್ಲಿಕ್ಕಾ ಅಂತ ಬಾಯಿ ಬಿಟ್ಟು ಕೇಳಿ." ಹೆಂಗಸರು ಮರೆಯಲ್ಲಿ ನಗುತ್ತಿದ್ದರು. ಆದರೂ ಬರಬರುತ್ತಾ ಕೇಳುವುದು ಕುದ್ರೋಳಿಯ ಮೀನಿನವರಲ್ಲಿ ಒಂದು ಕ್ರಮವೇ ಆಗಿಹೋಯಿತು.

ಎರಡನೆಯ ಯುದ್ಧವೂ ಮುಗಿಯಿತು. ಅಕ್ಕುವಿಗೆ ಐವತ್ತೈದು ದಾಟಿತ್ತು. ಎರಡೂ ಮೊಣಕಾಲು ಊದಿ, ಕಂಬ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ತಂಗಿಯ ಮಗಳು ಕುಶಲಾಳನ್ನು ಕರೆದು ಜಗಲಿಯಲ್ಲಿ ಕೂರಿಸಿಕೊಂಡಳು. ಕುಶಲಾಳೂ ಮೀನು ಮಾರುವವಳೇ, ಇಬ್ಬರು ಮಕ್ಕಳ ತಾಯಿ, ಮಾತಿಗೆ ಮುಂಚೆ ನಗುವವಳು.

"ಕೊಡಿಯಾಲ್‌ಬೈಲಿನ ಹನ್ನೆರಡು ಮನೆ ಇನ್ನು ನೀನು ಮಾಡು" ಎಂದಳು ಅಕ್ಕು.

ಕುಶಲಾ ನಗಲಿಲ್ಲ. ಹತ್ತಿರ ಸರಿದು, ದೊಡ್ಡಮ್ಮನ ಎರಡೂ ಕೈ ಹಿಡಿದು, ಮುಖವನ್ನೇ ನೋಡಿದಳು.

"ಯಾಕೆ ದೊಡ್ಡಮ್ಮ? ಸಾಯ್ಲಿಕ್ಕಾ?"

ತಾನೇ ಊರಿಗೆಲ್ಲ ಕಲಿಸಿದ ಮಾತು. ತಾನು ನೂರು ಜನರಿಗೆ ಕೇಳಿದ್ದು. ಅದನ್ನು ತನಗೆ ಯಾರಾದರೂ ಕೇಳುತ್ತಾರೆಂದು ಅಕ್ಕು ಯೋಚಿಸಿರಲಿಲ್ಲ. ಅದು ಇಷ್ಟು ಸಣ್ಣ ಮಾತು, ಒಂದು ಉಸಿರಿಗೆ ಮುಗಿಯುವಂಥದು. ಇದೇ ಜಗಲಿ, ಇದೇ ಹೊತ್ತು. ಎಣ್ಣೆ ಹಚ್ಚಿ ಬಾಚಿದ ತಲೆ, ನೀಲಿ ಸೀರೆ, ಮಡಚುತ್ತಿದ್ದ ಬೆರಳು. ಎಲ್ಲ ಅವಳ ಕಣ್ಣ ಮುಂದೆ ಬಂದು ಕೂತವು.

"ಇಲ್ಲ ಮಗಾ, ಮೊಣಕಾಲು" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಮ್ಮೆ ಕೇಳು" ಎಂದಳು.

ದೊಡ್ಡಮ್ಮನಿಗೆ ಕೇಳಿಸಲಿಲ್ಲವೇನೋ ಎಂದು ಕುಶಲಾ ಗಟ್ಟಿಯಾಗಿ ಕೇಳಿದಳು, "ಸಾಯ್ಲಿಕ್ಕಾ ದೊಡ್ಡಮ್ಮ?"

ಅಕ್ಕು ಜಗಲಿಯ ಕಂಬಕ್ಕೆ ತಲೆಯಾನಿಸಿ, ಇಪ್ಪತ್ತೇಳು ವರ್ಷದ ಅಳುವನ್ನು ಒಂದೇ ಸಲ ಅತ್ತಳು. ಕುಶಲಾ ಕೈ ಬಿಡಲಿಲ್ಲ, ಏಳಲೂ ಇಲ್ಲ. ಅವಳ ಬುಟ್ಟಿಯಲ್ಲಿ ಉಳಿದಿದ್ದ ಬೂತಾಯಿ ಮೀನಿಗೆ ಬಿಸಿಲು ತಾಗುತ್ತಿತ್ತು, ತಾಗಲಿ ಎಂದು ಬಿಟ್ಟಳು.

ಅಳು ನಿಂತ ಮೇಲೆ ಅಕ್ಕು ಒಳಗಿನಿಂದ ಹಳೆಯ ಸಿಂಬಿಯನ್ನು ತರಿಸಿ ಕುಶಲಾಳ ಮಡಿಲಲ್ಲಿ ಇಟ್ಟಳು. "ಇದು ಹರಿಣಾಕ್ಷಿಯದ್ದು" ಎಂದಳು. ಆ ಓಣಿಯಲ್ಲಿ ಆ ಹೆಸರನ್ನು ಯಾರಾದರೂ ಗಟ್ಟಿಯಾಗಿ ಹೇಳಿ ಇಪ್ಪತ್ತೇಳು ವರ್ಷವಾಗಿತ್ತು. ಆಮೇಲೆ ಬೆರಳು ಮಡಚಿದಳು.

"ಮೊದಲಿನದ್ದು ಪೋಸ್ಟ್‌ಮಾಸ್ಟರರದ್ದು. ಅವರು ಈಗ ಇಲ್ಲ, ಮಗ ಇದ್ದಾನೆ. ಅವನಿಗೂ ಕಾಣೆಯೇ ಆಗಬೇಕು, ತಲೆ ತೆಗೆದು ಕೊಡು."